ಬೀಗದ ಕೈ

ಬುಧವಾರ ಬಿಟ್ಟು ಬುಧವಾರ, ಹತ್ತೂವರೆಗೆ,
ಆ ಉದ್ದ ಬೆಂಚಿನ ಮೇಲೆ ನಾನು.
ಮೊದಲು ಸೀಸೆ, ಆಮೇಲೆ ಮಾತು.
ಬಚ್ಚಲ ಬಾಗಿಲಲ್ಲಿ ನರ್ಸ್ ಗಿರಿಜಾಂಬ ನಿಂತಿರುತ್ತಾರೆ
ಬೆನ್ನು ತಿರುಗಿಸಿ. ಅದೊಂದು ಮರ್ಯಾದೆ.
ಬೆಚ್ಚಗಿನ ಸೀಸೆ ಅವರ ಕೈಗಿಡುವಾಗ
ಉತ್ತರ ಪತ್ರಿಕೆ ಕೊಟ್ಟ ಹಾಗೆ:
ಬರೆದವಳು ನಾನೇ, ಓದಲು ಬರುವುದು ಅವರಿಗೆ.

ಮೇಜಿನ ಆಚೆ ಮೂವರು.
ನಡುವೆ ಕೂತವರು ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರು;
ಮಾತ್ರೆ ಬಿಟ್ಟೆಯಾ ಎಂದು ಒಮ್ಮೆಯೂ ಕೇಳಿದವರಲ್ಲ.
"ಸೋಮವಾರ ರಾತ್ರಿ ಏನಮ್ಮ ಅಡುಗೆ?" ಅಂತಾರೆ.
ಹುರುಳಿಕಾಳು ಬಸ್ಸಾರು, ಮುದ್ದೆ, ಅಂದೆ ಮೊದಲ ಸಲ.
"ಉಪ್ಪು ಎಷ್ಟು ಹಾಕಿದೆ?"
ಮಾಡದ ಸಾರಿಗೆ ಎಷ್ಟು ಉಪ್ಪು ಹೇಳಲಿ.

ಶುರುವಾದದ್ದು ಸೊಂಟದಿಂದ.
ಆಲೂಗೆಡ್ಡೆ ಗೋಡೌನಿನಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು
ಕೊಳೆತದ್ದು ಆಚೆ, ಮೊಳೆತದ್ದು ಈಚೆ.
ಒಂದು ಮಾತ್ರೆಗೆ ನೋವು ಹೋಯಿತು.
ಎರಡಕ್ಕೆ ಗಂಡ ಹೋದದ್ದೂ ಮರೆತುಹೋಯಿತು.
ಏಳಾದಾಗ, ಒಂಬತ್ತಾದಾಗ
ಅಂಗಡಿಯವನು ಚೀಟಿ ಕೇಳುವುದನ್ನೇ ಬಿಟ್ಟ.
ಇಂಪನಾ ಖಾಲಿ ಪಟ್ಟಿಗಳನ್ನು ದಾರಕ್ಕೆ ಪೋಣಿಸಿ
ಕಿಟಕಿಗೆ ತೋರಣ ಕಟ್ಟಿದಳು. ಬೆಳ್ಳಿ ಅಮ್ಮಾ, ಅಂದಳು.
ಗಾಳಿಗೆ ಅದು ಚೆನ್ನಾಗಿಯೇ ಸದ್ದು ಮಾಡುತ್ತಿತ್ತು.

ಆ ದಿನ ಹೊರಗಿನಿಂದ ಬೀಗ ಜಡಿದು ಹೋದೆ,
ಹತ್ತು ನಿಮಿಷ ಅಂತ.
ಎಷ್ಟು ಹೊತ್ತಾಯಿತೆಂದು ಫೈಲಿನಲ್ಲಿದೆ, ನನ್ನಲ್ಲಿಲ್ಲ.
ಒಲೆಯ ಮೇಲೆ ಹಾಲಿತ್ತು.
ಹೊಗೆ ಕಂಡ ಎದುರುಮನೆ ಜಬೀನಾ, ಕಿಟಕಿಯ ಸರಳು ಹಿಡಿದು
ಪೊಲೀಸರು ಬರುವ ತನಕ ಮಗುವಿಗೆ ಕಥೆ ಹೇಳಿದಳಂತೆ.
ಅವಳನ್ನೇ ಆರು ತಿಂಗಳು ಶಪಿಸಿದೆ.
ಆ ಕಥೆಯ ಕುಂಟ ಮೊಲ ಈಗಲೂ ಇಂಪನಾಳ ಬಾಯಲ್ಲಿದೆ.

ಒಂಬತ್ತನೇ ಬುಧವಾರ ಸೀಸೆ ತಗೊಳ್ಳಲಿಲ್ಲ.
"ಬೇಡಿ ಮೇಡಂ. ಭಾನುವಾರ ನುಂಗಿದೀನಿ. ನಾಲ್ಕು."
ಕೋಣೆಯಲ್ಲಿ ಫ್ಯಾನಿನದೊಂದೇ ಸದ್ದು.
ಬೆಂಚಿನಲ್ಲಿದ್ದ ಸಕಲೇಶಪುರದ ಲಾರಿ ಡ್ರೈವರು, ಅವನದೂ ಮಗ ಒಳಗೆ,
ತಲೆ ತಗ್ಗಿಸಿದ; ನನಗಾಗಿಯೋ, ತನ್ನದಕ್ಕೋ.
ಹಾಸನಾಂಬೆ ಬಾಗಿಲಾದರೂ ವರ್ಷಕ್ಕೊಮ್ಮೆ ತೆಗೆಯುತ್ತದೆ,
ನನ್ನದು ಮುಚ್ಚಿತು ಅಂದುಕೊಂಡೆ.
ಮೇಷ್ಟ್ರು ಕನ್ನಡಕ ಒರೆಸಿದರು.
"ಇನ್ಮೇಲೆ ವಾರ ವಾರ ಬಾ," ಅಂದರು. ಅಷ್ಟೆ.
ಶಿಕ್ಷೆಯೋ ಆಸರೆಯೋ, ಬಸ್ ನಿಲ್ದಾಣದ ತನಕ ಲೆಕ್ಕ ಹಾಕಿದೆ.
ಬಸ್ಸೇನೋ ಪುಕ್ಕಟೆ. ಕೂಲಿ ಖೋತ.

ಬಾಲಮಂದಿರದಲ್ಲಿ ಅವಳು ಓಡಿ ಬರುವುದಿಲ್ಲ.
ನಡೆದು ಬರುತ್ತಾಳೆ. ಮೊದಲು ನನ್ನ ಕಣ್ಣು ನೋಡುತ್ತಾಳೆ,
ಪಾಪೆ ಸಾಸಿವೆಯಾಗಿದೆಯೋ, ಸರಿಯಾಗಿದೆಯೋ ಎಂದು.
ಏಳು ವರ್ಷದ ಡಾಕ್ಟರು.
ಆಮೇಲೆ ಕೂರುತ್ತಾಳೆ, ಒಂದು ಮೊಣಕೈ ದೂರ.

ಈ ಬುಧವಾರ ಗುಮಾಸ್ತೆ ಟೈಪ್ ಮಾಡಿದಳು:
ಪ್ರಾಯೋಗಿಕವಾಗಿ, ಎರಡು ರಾತ್ರಿ.
ಇಂಪನಾಗೂ ಓದಿ ಹೇಳಿದರು.
ಅವಳದೊಂದು ಪ್ರಶ್ನೆ ಇತ್ತು; ನನಗಲ್ಲ, ಮೇಜಿಗೆ:
"ಬೀಗದ ಕೈ ಯಾರ ಹತ್ರ ಇರುತ್ತೆ?"

ಮೂವರೂ ನನ್ನ ಕಡೆ ತಿರುಗಿದರು.

ಈಗ ರಾತ್ರಿ ಒಂದೂಮುಕ್ಕಾಲು.
ಮೂಳೆಯೊಳಗೆ ಇರುವೆ ಹರಿಯುತ್ತಿದೆ.
ಹಳೇ ಪರಿಚಯ. ಕೂಗಿದರೂ ಹೋಗುವುದಿಲ್ಲ, ಕೂತರೆ ಹೋಗಬಹುದು.
ಬಾಗಿಲಿಗೆ ಒಳಗಿನಿಂದ ಬೀಗ.
ಅದರ ಕೈ ಅವಳ ಕೈಯಲ್ಲಿ, ಆ ಮುಷ್ಟಿ ಕೆನ್ನೆಯ ಕೆಳಗೆ.
ಬಿಡಿಸಿಕೊಳ್ಳಬಹುದು. ಬೆರಳು ಅಷ್ಟು ಸಣ್ಣವು.

ಎದ್ದು ನಾಳೆಗೆ ಹುರುಳಿಕಾಳು ನೆನೆಹಾಕಿದೆ.
ಬಂದು ಗೋಡೆಗೊರಗಿ ಕೂತೆ,
ಅವಳಿಂದ ಒಂದು ಮೊಣಕೈ ದೂರ.